ಶಾಂತಿ ಸಭೆಯ ಸುಣ್ಣ



ಊರಿನಲ್ಲಿ ಕೇರಿಯವನ ಮೇಲೆ ಕೈ ಬಿತ್ತು ಅಂತ ಇಟ್ಕೊಳ್ಳಿ. ಎರಡು ದಿನ ಯಾರೂ ಬರೋದಿಲ್ಲ. ಮೂರನೇ ದಿನ ಪೇಪರಿನಲ್ಲಿ ಬಂದರೆ ಜೀಪು ಬರುತ್ತೆ. ನಾಲ್ಕನೇ ದಿನ ಶಾಲೆ ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಮುಂದಿನ ಸಾಲಿನಲ್ಲಿ ತಹಸೀಲ್ದಾರರು, ಇನ್ಸ್‌ಪೆಕ್ಟರು, ಊರ ಯಜಮಾನರು. ಹಿಂದೆ ಕೈಕಟ್ಟಿ ನಿಂತವರು ನಮ್ಮವರು. ಇದಕ್ಕೆ ಶಾಂತಿ ಸಭೆ ಅಂತ ಹೆಸರು. ಎಲ್ಲರೂ ಅಣ್ಣತಮ್ಮಂದಿರ ಹಾಗೆ ಬಾಳಬೇಕು ಅಂತಾರೆ. ಹೊರಗಿನವರು ಬಂದು ಊರು ಕೆಡಿಸಿದರು ಅಂತಾರೆ. ಕಾಗದದ ಲೋಟದಲ್ಲಿ ಟೀ ಕೊಡ್ತಾರೆ. (ಕಾಗದದ ಲೋಟ ಬಂದ ಮೇಲೆ ಹೋಟೆಲಿನ ಬೇರೆ ಲೋಟ ಕಣ್ಣಿಗೆ ಕಾಣೋದು ತಪ್ಪಿತು, ಅಷ್ಟೆ.) ಹೊಡೆದವನ ಹೆಸರು ಮಾತ್ರ ಸಭೆ ಮುಗಿಯೋವರೆಗೂ ಯಾರ ಬಾಯಲ್ಲೂ ಬರೋದಿಲ್ಲ. ಕೊನೆಗೆ ಏಟು ತಿಂದವನ ಹತ್ತಿರ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಜೀಪು ಹೊರಡುತ್ತದೆ.

ಈ ಸಭೆಗೆ ತಕ್ಕ ಹೆಸರನ್ನು ಸುಮಾರು 2,600 ವರ್ಷದ ಹಿಂದೆಯೇ ಒಬ್ಬ ಇಟ್ಟುಬಿಟ್ಟಿದ್ದಾನೆ. ಸುಣ್ಣ ಬಳಿಯೋದು. ಹೇಳಿದವನು ಯೆಹೆಜ್ಕೇಲ, ಬೈಬಲ್ಲಿನ ಪ್ರವಾದಿ.

ಬೈಬಲ್ ನಮಗ್ಯಾಕೆ ಅಂತ ಹಿರೀಸಾವೆ ಕಡೆಯ ಹಾಸ್ಟೆಲ್ ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆ ಪುಸ್ತಕ ಕೈಲಿ ಹಿಡಿದರೆ ಮತಾಂತರ ಅಂತ ಒಬ್ಬ ಕಿರುಚುತ್ತಾನೆ. ಹಿಡಿದುಕೊಂಡು ಬರುವ ಇನ್ನೊಬ್ಬ ಕಡೇ ದಿನ ಬಂತು, ಆಕಾಶದಿಂದ ಬೆಂಕಿ ಬೀಳುತ್ತೆ ಅಂತ ಕರಪತ್ರ ಹಂಚುತ್ತಾನೆ. ಇಬ್ಬರೂ ಸೇರಿ ಆ ಪುಸ್ತಕದೊಳಗಿನ ಸಿಟ್ಟನ್ನು ನಮ್ಮ ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡಿದ್ದಾರೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಜೊತೆಯವರು 19ನೇ ಶತಮಾನದ ಮೊದಲ ಭಾಗದಲ್ಲೇ ಅದನ್ನು ಕನ್ನಡಕ್ಕೆ ತಂದರು. ಇನ್ನೂರು ವರ್ಷದಿಂದ ನಮ್ಮ ಭಾಷೆಯಲ್ಲೇ ಬಿದ್ದಿದೆ. ಓದೋದಕ್ಕೆ ಯಾರ ಅಪ್ಪಣೆ ಬೇಕು? ನಾನು ನಿಮ್ಮನ್ನು ಯಾವ ಗುಡಿಗೂ ಇಗರ್ಜಿಗೂ ಕರೆಯುತ್ತಿಲ್ಲ. ಆ ಪ್ರವಾದಿಗಳು ಬೈದದ್ದು ಯಾರನ್ನ ಅನ್ನೋದನ್ನ ನೋಡಿ ಅಂತಿದ್ದೇನೆ. ಅವರ ಬೈಗುಳದಲ್ಲಿ ಬಹುಪಾಲು ಅವರದೇ ಊರಿಗೆ, ಅವರದೇ ಜನಕ್ಕೆ. ಪರದೇಶದವರಿಗೆ ಬಿದ್ದದ್ದು ಉಳಿದ ಪಾಲು.

ಯೆಹೆಜ್ಕೇಲ ಪುರೋಹಿತರ ಮನೆ ಮಗ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ರಾಜ ಯೆರೂಸಲೇಮಿನಿಂದ ಹಿಡಿದು ಒಯ್ದ ಮೊದಲ ಸೆರೆಯಾಳುಗಳ ಜೊತೆ ಹೋದವನು. ಅಲ್ಲಿ ಕೂತುಕೊಂಡು ತನ್ನ ಊರಿನ ಲೆಕ್ಕ ತೆಗೆದ. ಊರನ್ನು ಅವನು ಕರೆದದ್ದೇ ರಕ್ತದ ಊರು ಅಂತ. ದೊರೆಗಳು ಬೇಟೆ ಹರಿಯುವ ಮೃಗಗಳು, ಅಧಿಕಾರಿಗಳು ಲಾಭಕ್ಕಾಗಿ ಜೀವ ತೆಗೆಯುವ ತೋಳಗಳು, ಪ್ರವಾದಿಗಳು ಇವರೆಲ್ಲರ ಕೆಲಸಕ್ಕೆ ಸುಣ್ಣ ಬಳಿಯುವವರು, ಸಾಮಾನ್ಯ ಜನ ಬಡವರನ್ನೂ ಪರದೇಶಿಗಳನ್ನೂ ಸುಲಿಯುವವರು. ಒಬ್ಬೊಬ್ಬರನ್ನೇ ಎದುರು ನಿಲ್ಲಿಸಿಕೊಂಡು ಹೇಳುತ್ತಾನೆ. ಆ ಸುಣ್ಣದ ಮಾತಿನ ಅರ್ಥ ಇಷ್ಟು: ಜನ ಅಡಿಪಾಯ ಇಲ್ಲದ ಗೋಡೆ ಎಬ್ಬಿಸುತ್ತಾರೆ, ಅದು ಬಿರುಕು ಬಿಟ್ಟಿದೆ ಅನ್ನೋದು ಗೊತ್ತಿದ್ದೂ ಇವರು ಬಂದು ಬಿಳಿ ಬಳಿದು ಎಲ್ಲ ಸರಿಯಾಗಿದೆ ಅಂತಾರೆ, ಒಂದು ಮಳೆ ಬಂದರೆ ಗೋಡೆಯೂ ಉಳಿಯೋಲ್ಲ, ಬಳಿದವನೂ ಉಳಿಯೋಲ್ಲ. ಅವನಿಗಿಂತ ಸ್ವಲ್ಪ ಮುಂಚಿನ ಯೆರೆಮೀಯನೂ ಇದನ್ನೇ ಗಾಯದ ಮಾತಿನಲ್ಲಿ ಹೇಳಿದ. ಒಳಗೆ ಕೀವು ತುಂಬಿರುವಾಗ ಮೇಲೆ ಬಟ್ಟೆ ಸುತ್ತಿ ವಾಸಿಯಾಯಿತು ಅನ್ನುವ ವೈದ್ಯರು ಇವರು ಅಂದ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಯೆಹೆಜ್ಕೇಲ ಪುರೋಹಿತರನ್ನು ಬೈಯುವಾಗ, ಮಡಿ ಯಾವುದು ಮೈಲಿಗೆ ಯಾವುದು ಅನ್ನೋ ಭೇದವನ್ನೇ ಇವರು ಮರೆತರು ಅಂತಲೂ ಬೈಯುತ್ತಾನೆ. ಆ ಮಾತು ನಮಗೆ ಬೇಡ. ಮಡಿ-ಮೈಲಿಗೆಯ ಏಟು ಬೆನ್ನ ಮೇಲೆ ಬಿದ್ದವರು ಅದನ್ನು ಯಾವ ಪವಿತ್ರ ಗ್ರಂಥದಲ್ಲಿ ಕಂಡರೂ ಅಲ್ಲೇ ಬಿಟ್ಟು ಮುಂದೆ ಹೋಗಬೇಕು. ಸುಣ್ಣದ ಮಾತು ಇಟ್ಟುಕೊಳ್ಳೋಣ, ಮಡಿಯ ಮಾತು ಅವನಿಗೇ ಇರಲಿ.

ಈಗ ನಮ್ಮ ಜಿಲ್ಲೆಯ ಗೋಡೆ ನೋಡಿ.

ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿ. ಈ ದೇಶಕ್ಕೆ ಒಬ್ಬ ಪ್ರಧಾನಿಯನ್ನು ಕೊಟ್ಟ ತಾಲ್ಲೂಕು ಅದು. 2015ರ ಆಗಸ್ಟ್ ಕೊನೆಯಲ್ಲಿ ಸ್ತ್ರೀಶಕ್ತಿ ಸಂಘದ ದಲಿತ ಹೆಂಗಸರು ಊರಿನ ಬಸವೇಶ್ವರ ದೇವಸ್ಥಾನದ ಒಳಗೆ ಕಾಲಿಟ್ಟರು. ಕದ್ದರಾ? ಬೈದರಾ? ಪೂಜೆ ಮಾಡಿಸೋದಕ್ಕೆ ಹೋದರು. ಗುಡಿ ಕೆಟ್ಟಿತು ಅಂತ ಅವರಿಗೆ ದಂಡ ಹಾಕಿದರು. ಸಂವಿಧಾನ ಬಂದು ಅರವತ್ತೈದು ವರ್ಷ ಆಗಿತ್ತು. ದೇವಸ್ಥಾನಕ್ಕೆ ಹೋಗೋದನ್ನು ತಡೆಯುವುದು 1955ರ ಕಾಯಿದೆಯ ಪ್ರಕಾರವೇ ಅಪರಾಧ. ದಂಡ ಕಟ್ಟಬೇಕಾದವರು ಯಾರು, ಕಟ್ಟಿ ಅನ್ನಿಸಿಕೊಂಡವರು ಯಾರು! ವಿಷಯ ಪೇಪರಿಗೆ ಬಂತು. ಆಮೇಲೆ ಸಭೆಯ ಮೇಲೆ ಸಭೆ. 2016ಕ್ಕೂ ಅದು ಬಗೆಹರಿದಿರಲಿಲ್ಲ. ಅಪರಾಧ ಆಗಿದೆ, ಅಪರಾಧಿ ಯಾರು ಅನ್ನುವ ಮಾತು ಬಿಟ್ಟು, ಎರಡು ಕೋಮಿನ ಮನಸ್ತಾಪ ಹೇಗೆ ಸರಿಮಾಡೋದು ಅನ್ನುವ ಮಾತೇ ಮಾತಾಯಿತು. ಒಬ್ಬ ಒದ್ದು ಇನ್ನೊಬ್ಬ ಬಿದ್ದರೆ ಅದು ಮನಸ್ತಾಪವೇನ್ರಪ್ಪಾ?

ಹಿರೀಸಾವೆಗೆ ಇನ್ನೂ ಹತ್ತಿರದ್ದು ಬೇಕಾದರೆ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರು. ಅಲ್ಲಿನ ದೇವಸ್ಥಾನಗಳೊಳಗೆ ದಲಿತರು ಹೋದದ್ದು 2021ರಲ್ಲಿ, ಅದೂ ಅಧಿಕಾರಿಗಳು ಪೊಲೀಸರು ಜೊತೆಗೆ ನಿಂತಾಗ. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2018ರಲ್ಲಿ ಗೊಮ್ಮಟನ ತಲೆ ಮೇಲೆ ಹಾಲು ಸುರಿದರು, ಅಹಿಂಸೆಯ ಮೇಲೆ ದೊಡ್ಡವರೆಲ್ಲ ಭಾಷಣ ಮಾಡಿದರು. ಬೆಟ್ಟದ ಮೇಲಿನ ಅಹಿಂಸೆ ತಾಲ್ಲೂಕಿನ ಹಳ್ಳಿಗಳವರೆಗೂ ಇಳಿಯಲಿಲ್ಲ.

ನನಗೆ ಯೆಹೆಜ್ಕೇಲನಿಗಿಂತ ಆಮೋಸ ಹತ್ತಿರ. ಅವನು ಪುರೋಹಿತನ ಮಗ ಅಲ್ಲ. ತೆಕೋವ ಅನ್ನೋ ಹಳ್ಳಿಯ ಕುರಿಗಾಹಿ, ಕಾಡು ಅತ್ತಿಯ ಹಣ್ಣು ನೋಡಿಕೊಳ್ಳುತ್ತಿದ್ದವನು. ಕ್ರಿ.ಪೂ. 8ನೇ ಶತಮಾನ, ಎರಡನೇ ಯಾರೊಬ್ಬಾಮನ ಕಾಲ. ರಾಜ್ಯ ಸಮೃದ್ಧಿಯಾಗಿತ್ತು ಅಂತ ಚರಿತ್ರೆ ಬರೆಯುವವರು ಬರೆಯುತ್ತಾರೆ. ಇವನು ಹೋಗಿ ನೋಡಿದರೆ ಶ್ರೀಮಂತರಿಗೆ ದಂತದ ಮಂಚ, ಬೇಸಿಗೆಗೊಂದು ಮನೆ ಚಳಿಗೊಂದು ಮನೆ. ಬಡವನನ್ನು ಒಂದು ಜೊತೆ ಕೆರದ ಬೆಲೆಗೆ ಮಾರುತ್ತಿದ್ದರು. ಕೆರದ ಬೆಲೆ ಏನು ಅನ್ನೋದು ನಮ್ಮ ಮಾದಿಗರ ಹಟ್ಟಿಗೆ ಹೇಳಿಕೊಡಬೇಕಾಗಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮತ್ತು ಅವನ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಒಂದು ಜೊತೆ ಮಾಡಿ ಬಸವಣ್ಣನಿಗೆ ಕೊಟ್ಟರು ಅಂತ ಜನ ಕತೆ ಹೇಳುತ್ತಾರೆ. ಅವನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಆನೆ ಕಾಲಿಗೆ ಕಟ್ಟಿ ಎಳೆಸಿದರು. ಆ ಬಸವಣ್ಣನ ಹೆಸರನ್ನೇ ಹೊತ್ತ ಗುಡಿಯಲ್ಲಿ 2015ರಲ್ಲಿ ದಂಡ!

ಆಮೋಸ ಬೇತೇಲಿನ ಗುಡಿಯ ಮುಂದೆ ನಿಂತು ನಿಮ್ಮ ಜಾತ್ರೆ ದೇವರಿಗೆ ಅಸಹ್ಯ, ನಿಮ್ಮ ಹಾಡು ಅವನಿಗೆ ಗದ್ದಲ ಅನ್ನೋ ಅರ್ಥದ ಮಾತು ಆಡಿದ. ಮೊದಲು ನ್ಯಾಯ ಕೊಡಿ, ಆಮೇಲೆ ಪೂಜೆ ಅಂದ. ನ್ಯಾಯವನ್ನು ಅವನು ಬತ್ತದೆ ಹರಿಯುವ ನೀರಿಗೆ ಹೋಲಿಸಿದ್ದನ್ನು ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಆ ದೊಡ್ಡ ಸಭೆಯಲ್ಲಿ ಎತ್ತಿ ಆಡಿದರು. ಕರಿಯರಿಗೆ ಅರ್ಥವಾದದ್ದು ನಮಗೆ ಆಗದೆ ಇರುತ್ತದಾ? ಅದರಲ್ಲೂ ಹಿರೀಸಾವೆ ಕಡೆಯವರಿಗೆ ನೀರಿನ ಬೆಲೆ ಗೊತ್ತಿದೆ.

ಬೇತೇಲಿನ ಪೂಜಾರಿ ಅಮಚ್ಯ ಏನು ಮಾಡಿದ ನೋಡಿ. ಮೊದಲು ರಾಜನಿಗೆ ವರದಿ ಕಳಿಸಿದ, ಇವನು ದಂಗೆ ಎಬ್ಬಿಸುತ್ತಿದ್ದಾನೆ ಅಂತ. ಆಮೇಲೆ ಆಮೋಸನಿಗೆ, ಇದು ರಾಜರ ಗುಡಿ ಕಣಯ್ಯಾ, ನಿನ್ನ ಊರಿಗೆ ಹೋಗಿ ಅಲ್ಲೇ ಹೊಟ್ಟೆ ಹೊರೆದುಕೋ ಅಂದ. ನಮ್ಮ ಶಾಂತಿ ಸಭೆಯ ಹೊರಗಿನವರು ಅನ್ನುವ ಮಾತಿಗೆ ಎಷ್ಟು ವಯಸ್ಸಾಗಿದೆ ಅಂತ ಲೆಕ್ಕ ಹಾಕಿಕೊಳ್ಳಿ. ಆಮೋಸ ಕೊಟ್ಟ ಉತ್ತರವೂ ಸಣ್ಣದೇ. ನಾನು ಆ ಕಸುಬಿನವನೂ ಅಲ್ಲ, ಆ ಕಸುಬಿನವನ ಮಗನೂ ಅಲ್ಲ, ಕುರಿ ಕಾಯುವವನು ಅಂದ. ಇಷ್ಟು ಹೇಳೋದಕ್ಕೆ ಯಾವ ಮಠದ ದೀಕ್ಷೆಯೂ ಬೇಕಾಗಲಿಲ್ಲ ಅವನಿಗೆ.

ಹಾಸ್ಟೆಲ್ಲಿನವರು ಆಮೋಸನ ಇನ್ನೊಂದು ಆರೋಪವನ್ನು ಗುರುತು ಹಾಕಿಕೊಳ್ಳಬೇಕು. ಅಳತೆ ಕಿರಿದು ಮಾಡಿ, ಬೆಲೆ ಹಿರಿದು ಮಾಡಿ, ತಕ್ಕಡಿಯಲ್ಲಿ ಮೋಸ ಮಾಡಿ, ಕೊನೆಗೆ ಗೋಧಿಯ ಕಸವನ್ನೂ ಬಡವರಿಗೇ ಮಾರುತ್ತಿದ್ದರಂತೆ. ಅಂದರೆ ಬೂಸಾ. ನಾನು ಓದಿದ ಹಾಸ್ಟೆಲಿನಲ್ಲಿ ಮಂಜೂರಾದ ರಾಗಿ ಒಂದು, ಇಳಿದ ರಾಗಿ ಇನ್ನೊಂದು, ತಟ್ಟೆಗೆ ಬಂದದ್ದು ಮೂರನೆಯದು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ರಾಜ್ಯ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಪುಸ್ತಕದ ಬೂಸಾಕ್ಕೆ ಅಷ್ಟೊಂದು ಕಲ್ಲು. ತಟ್ಟೆಯ ಬೂಸಾಕ್ಕೆ ಒಂದು ಕಲ್ಲೂ ಎದ್ದದ್ದು ನಾನು ಕಂಡಿಲ್ಲ.

ಜಮೀನಿನ ವಿಷಯಕ್ಕೆ ಬರೋಣ. ಆಮೋಸನಿಗೂ ನೂರು ವರ್ಷ ಮುಂಚೆ, ಇಜ್ರೇಲಿನಲ್ಲಿ ನಾಬೋತ ಅಂತ ಒಬ್ಬ. ಅವನ ದ್ರಾಕ್ಷಿ ತೋಟ ರಾಜ ಅಹಾಬನ ಅರಮನೆಗೆ ಒತ್ತಾಗಿತ್ತು. ಕಾಯಿಪಲ್ಲೆ ಬೆಳೆಯೋದಕ್ಕೆ ಬೇಕು ಕೊಡು ಅಂದ ರಾಜ. ಪಿತ್ರಾರ್ಜಿತ, ಕೊಡೋಲ್ಲ ಅಂದ ಇವನು. ರಾಜ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ. ರಾಣಿ ಈಜೆಬೆಲ ರಾಜಮುದ್ರೆ ಒತ್ತಿ ಊರಿನ ಹಿರಿಯರಿಗೆ ಕಾಗದ ಬರೆದಳು. ಕಾಗದದಲ್ಲಿ ಏನಿತ್ತು? ಉಪವಾಸದ ಸಭೆ ಕರೆಯಿರಿ, ನಾಬೋತನನ್ನು ಮುಂದಿನ ಜಾಗದಲ್ಲಿ ಕೂರಿಸಿ, ಎದುರಿಗೆ ಇಬ್ಬರು ಪುಂಡರನ್ನು ಕೂರಿಸಿ ಇವನು ದೇವರನ್ನೂ ರಾಜನನ್ನೂ ಬೈದ ಅಂತ ಸಾಕ್ಷಿ ಹೇಳಿಸಿ. ಹಾಗೇ ಆಯಿತು. ಕಲ್ಲು ಹೊಡೆದು ಕೊಂದರು. ರಾಜ ಎದ್ದು ತೋಟಕ್ಕೆ ಇಳಿದ. ಅಲ್ಲಿಗೆ ಎಲೀಯ ಬಂದು ಕೊಲೆಯನ್ನೂ ಕಬ್ಜೆಯನ್ನೂ ಎರಡನ್ನೂ ಹೆಸರಿಟ್ಟು ರಾಜನ ಮುಖಕ್ಕೇ ಹೇಳಿದ. ಈ ಕತೆಯಲ್ಲಿ ನನ್ನನ್ನು ಕಾಡೋದು ರಾಣಿ ಅಲ್ಲ. ಅಷ್ಟು ಹಿರಿಯರಿದ್ದರಲ್ಲ, ಕಾಗದ ಓದಿಕೊಂಡು ತೆಪ್ಪಗೆ ಸಭೆ ನಡೆಸಿಕೊಟ್ಟವರು, ಅವರು. ಒಬ್ಬನಾದರೂ ಕೆಮ್ಮಿದನಾ?

ನಮ್ಮ ನಾಬೋತರು ಸಾವಿರಾರು. ಸರ್ಕಾರ ಮಂಜೂರು ಮಾಡಿಕೊಟ್ಟ ಎರಡು ಮೂರು ಎಕರೆಯನ್ನು ಮದುವೆ ಸಾಲಕ್ಕೆ, ಆಸ್ಪತ್ರೆ ಖರ್ಚಿಗೆ, ಕೆಲವು ಕಡೆ ಹೆಂಡದ ಬಾಕಿಗೆ ಬರೆಸಿಕೊಂಡವರು ಯಾರು ಅಂತ ನಿಮಗೆ ಗೊತ್ತು. ಅದನ್ನು ವಾಪಸ್ಸು ಕೊಡಿಸೋದಕ್ಕೆ ದೇವರಾಜ ಅರಸರ ಕಾಲದಲ್ಲಿ 1978ರ ಕಾಯಿದೆ ಬಂತು. ಸರ್ಕಾರದ ಅನುಮತಿ ಇಲ್ಲದೆ ಆ ಜಮೀನು ಮಾರಿದರೆ ಮಾರಾಟವೇ ಬಿದ್ದುಹೋಗುತ್ತೆ ಅಂತ. 2017ರಲ್ಲಿ ಸುಪ್ರೀಂ ಕೋರ್ಟು ಸಮಂಜಸ ಕಾಲದೊಳಗೆ ಅರ್ಜಿ ಹಾಕಿರಬೇಕು ಅಂದಿತು. ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಎಷ್ಟೋ ಕೇಸು ಬಿದ್ದುಹೋದವು. ಅಕ್ಷರ ಬಾರದವನಿಗೆ ಸಮಂಜಸ ಕಾಲ ಅಂದರೆ ಎಷ್ಟು? ಹೋರಾಟ ಆದ ಮೇಲೆ 2023ರಲ್ಲಿ ತಿದ್ದುಪಡಿ ತಂದು ಕಾಲದ ಮಿತಿ ಇಲ್ಲ ಅಂತ ಬರೆದರು. ಆದರೂ ಕಚೇರಿಯಲ್ಲಿ ಕಡತ ಕದಲಿಸೋದಕ್ಕೆ ಏನು ಬೇಕು ಅನ್ನೋದನ್ನ ನಿಮ್ಮ ಅಪ್ಪಂದಿರನ್ನ ಕೇಳಿ. ಹೊಲಕ್ಕೆ ಹೊಲ ಸೇರಿಸಿಕೊಳ್ಳುತ್ತಾ ಹೋಗುವವರಿಗೆ ಯೆಶಾಯ ಶಾಪ ಹಾಕಿದ್ದ. ಶಾಪಕ್ಕೆ ಹೆದರುವವರು ಈಗ ಯಾರೂ ಇಲ್ಲ.

ಆ ಕಾಲದಲ್ಲಿ ನ್ಯಾಯ ನಡೆಯುತ್ತಿದ್ದದ್ದು ಊರಬಾಗಿಲಲ್ಲಿ. ಹಿರಿಯರು ಅಲ್ಲೇ ಕೂರುತ್ತಿದ್ದರು. ಬಾಗಿಲಲ್ಲಿ ಲಂಚ ಓಡಾಡುತ್ತೆ, ಬಡವನನ್ನು ಪಕ್ಕಕ್ಕೆ ತಳ್ಳುತ್ತಾರೆ, ನಿಜ ಹೇಳುವವನನ್ನು ಕಂಡರೆ ಉರಿದು ಬೀಳುತ್ತಾರೆ ಅನ್ನೋದು ಆಮೋಸನ ದೂರು. ನಮ್ಮ ಊರಬಾಗಿಲು ಕಂಬಾಲಪಲ್ಲಿ. 2000ದ ಮಾರ್ಚ್ 11, ಚಿಂತಾಮಣಿ ತಾಲ್ಲೂಕು. ಏಳು ಜನ ದಲಿತರನ್ನು ಜೀವಂತ ಸುಟ್ಟರು. ಕಣ್ಣಾರೆ ಕಂಡ ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಕೊಂದವರು ಯಾರೂ ಇಲ್ಲ. ಸಾಕ್ಷಿ ಯಾಕೆ ತಿರುಗಿದ ಅಂತ ಅವನನ್ನು ಬೈಯೋದು ಸುಲಭ. ಅವನು ನಾಳೆ ಬೆಳಿಗ್ಗೆ ಅದೇ ಊರಿನಲ್ಲಿ ಏಳಬೇಕು, ಅದೇ ಗೌಡರ ಹೊಲದಲ್ಲಿ ಕೂಲಿ ಕೇಳಬೇಕು. ಗಂಗಾವತಿ ತಾಲ್ಲೂಕಿನ ಮರಕುಂಬಿಯದು ಬೇರೆ ತರ. 2014ರಲ್ಲಿ ಗುಡಿಸಲು ಸುಟ್ಟರು. ಹತ್ತು ವರ್ಷ ಕಳೆದು, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಹಾಕಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನು. ಆದರೂ ಒಂದು ಬಾಗಿಲು ಒಂದು ಸಲ ತೆರೆಯಿತು. ತೆರೆದದ್ದು ಶಾಂತಿ ಸಭೆಯಿಂದಲ್ಲ, ಹತ್ತು ವರ್ಷ ಕಟಕಟೆ ಹತ್ತಿದವರಿಂದ.

ಈಗ ನಮ್ಮ ಕಡೆ ತಿರುಗಬೇಕು. ತಿರುಗದಿದ್ದರೆ ಈ ಪ್ರವಾದಿಗಳನ್ನು ಓದಿದ್ದೇ ದಂಡ. ಅವರು ತಮ್ಮವರನ್ನೇ ಬೈದದ್ದು ಅಂತ ಆಗಲೇ ಹೇಳಿದೆನಲ್ಲ. ಹಳ್ಳಿಯವನೇ ಆದ ಮೀಕ, ಜನರ ಚರ್ಮ ಸುಲಿದು ಹಂಡೆಯಲ್ಲಿ ಬೇಯಿಸುವವರು ಅಂತ ಅಂದದ್ದು ಶತ್ರುಗಳಿಗಲ್ಲ, ತನ್ನ ಜನದ ಮುಖಂಡರಿಗೆ. ಲಂಚಕ್ಕೆ ತೀರ್ಪು, ಕೂಲಿಗೆ ಬೋಧನೆ, ಕಾಸಿಗೆ ಕಣಿ, ಇಷ್ಟಾಗಿಯೂ ದೇವರು ನಮ್ಮ ಪಕ್ಕ ಇದ್ದಾನೆ ಅನ್ನೋ ಧೈರ್ಯ ಅವರಿಗೆ. ಅಂಥ ಧೈರ್ಯ ನಮ್ಮ ಮುಖಂಡರಲ್ಲಿ ಇಲ್ಲವಾ? ಬಾಬಾಸಾಹೇಬರು ನಮ್ಮ ಪಕ್ಕ ಇದ್ದಾರೆ ಅಂತ ಫೋಟೋ ತಗುಲಿಹಾಕಿಕೊಂಡು ಕಂತ್ರಾಟು ಹಿಡಿಯುವವರು ಎಷ್ಟು ಜನ? 2024ರಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ ಸುಮಾರು 187 ಕೋಟಿ ರೂಪಾಯಿ ಅಕ್ರಮವಾಗಿ ವರ್ಗಾವಣೆ ಆಯಿತು. ಅದು ಬಯಲಾದದ್ದು ಆ ನಿಗಮದ ಒಬ್ಬ ನೌಕರ ಚೀಟಿ ಬರೆದಿಟ್ಟು ಜೀವ ಕಳೆದುಕೊಂಡ ಮೇಲೆ. ಮಂತ್ರಿ ರಾಜೀನಾಮೆ ಕೊಟ್ಟರು. ನಮ್ಮ ಪಾಲಿನ ಹಣ ನಮಗೇ ಖರ್ಚಾಗಬೇಕು ಅಂತ 2013ರಲ್ಲಿ ಕಾಯಿದೆ ಮಾಡಿದರು. ಆ ಬಾಬಿನಿಂದ 2023-24ರ ಸಾಲಿನಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಆಗ ವಿಧಾನಸಭೆಯ ಮೀಸಲು ಕ್ಷೇತ್ರಗಳಲ್ಲಿ ಗೆದ್ದವರಲ್ಲಿ ಎಷ್ಟು ಜನ ಎದ್ದು ನಿಂತರು? ನಾಬೋತನ ಊರಿನ ಹಿರಿಯರ ಹಾಗೆ ಕಾಗದ ಓದಿಕೊಂಡು ಕೂತರು.

ಇಗರ್ಜಿಯವರೂ ಬೀಗಬೇಕಾಗಿಲ್ಲ. ಆಮೋಸನ ಪುಸ್ತಕ ವೇದಿಕೆ ಮೇಲೆ ಇಟ್ಟುಕೊಂಡೇ ತಿರುಚ್ಚಿಯಲ್ಲಿ ಕ್ರೈಸ್ತರ ಸ್ಮಶಾನದೊಳಗೆ ಜಾತಿ ಗೋಡೆ ಕಟ್ಟಿದರು. ಹೆಣಕ್ಕೂ ಮೈಲಿಗೆ! ಇನ್ನು ಸರ್ಕಾರ, 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ಹೊಲೆಯ ಮಾದಿಗನನ್ನು ಪರಿಶಿಷ್ಟ ಜಾತಿ ಅಂತ ಎಣಿಸೋದಿಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಇವನನ್ನು ಬಿಟ್ಟರು. ಗೌಡರ ಕಣ್ಣಿಗೆ ಅವನು ಇವತ್ತಿಗೂ ಹೊಲೆಯನೇ, ಕಡತದಲ್ಲಿ ಮಾತ್ರ ಅಲ್ಲ.

ಯೆಹೆಜ್ಕೇಲನಲ್ಲಿ ಇನ್ನೊಂದು ಇದೆ. ಊರಿಗೆ ಒಬ್ಬ ಕಾವಲುಗಾರ. ಕತ್ತಿ ಬರೋದನ್ನು ಕಂಡೂ ಅವನು ಕೊಂಬು ಊದದಿದ್ದರೆ ಸತ್ತವರ ರಕ್ತದ ಹೊಣೆ ಅವನದು. ಹುಡುಗರೇ, ಆ ಕೆಲಸ ನಮ್ಮ ಹಳ್ಳಿಗಳಲ್ಲಿ ತಲತಲಾಂತರದಿಂದ ಯಾರದ್ದು? ತೋಟಿ ಯಾರು, ಕುಳವಾಡಿ ಯಾರು? ರಾತ್ರಿ ಊರು ಕಾದವನು, ಎಲ್ಲೆ ಕಲ್ಲಿನ ಜಾಗ ತೋರಿಸಿದವನು, ತಮಟೆ ಹೊಡೆದು ಸಾರಿದವನು? ಗೌಡರ ಕಂದಾಯಕ್ಕೆ, ಗೌಡರ ಜಾತ್ರೆಗೆ ಸಾರಿ ಸಾರಿ ನಮ್ಮ ಅಜ್ಜಂದಿರ ಕೈ ಸವೆಯಿತು. ನಮ್ಮ ಮನೆ ಸುಡೋದಕ್ಕೆ ಬಂದಾಗ ಸಾರೋದಕ್ಕೆ ಅದೇ ಕೈ ಎತ್ತಬಾರದು ಅಂತಲೇ ಶಾಂತಿ ಸಭೆ ಕರೆಯೋದು.

ಆದ್ದರಿಂದ ಇನ್ನು ಮುಂದೆ ಶಾಮಿಯಾನ ಎದ್ದ ಕಡೆ ಹಾಸ್ಟೆಲ್ಲಿನಿಂದ ನಾಲ್ಕು ಜನ ಹೋಗಿ. ಕಿರುಚಬೇಡಿ. ಕೇಸು ದಾಖಲಾಗಿದೆಯಾ ಅಂತ ಒಂದೇ ಪ್ರಶ್ನೆ ಕೇಳಿ. ದೇವಸ್ಥಾನಕ್ಕೆ ತಡೆ, ಸಾಮಾಜಿಕ ಬಹಿಷ್ಕಾರ, ಇವೆರಡೂ 2016ರ ಜನವರಿ 26ರಿಂದ 1989ರ ದೌರ್ಜನ್ಯ ತಡೆ ಕಾಯಿದೆಯಲ್ಲೇ ಅಪರಾಧ. ರಾಜಿ ಮಾಡಿಸೋದಕ್ಕೆ ತಹಸೀಲ್ದಾರರಿಗೆ ಅಧಿಕಾರ ಕೊಟ್ಟ ಒಂದು ಸಾಲೂ ಅದರಲ್ಲಿ ಇಲ್ಲ. ತನಿಖೆ ಮಾಡಬೇಕಾದವರು ಡಿವೈಎಸ್ಪಿ ದರ್ಜೆಗೆ ಕಡಿಮೆ ಇರಕೂಡದು, 60 ದಿನದೊಳಗೆ ಮುಗಿಸಬೇಕು. ದೂರು ಬರೆದುಕೊಂಡದ್ದನ್ನು ದೂರುದಾರನಿಗೆ ಓದಿ ಹೇಳಿ ಆಮೇಲೆ ರುಜು ಹಾಕಿಸಬೇಕು. ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿ ಪರಿಶಿಷ್ಟರಲ್ಲದವನಾದರೆ 4ನೇ ಕಲಮಿನ ಕೆಳಗೆ ಅವನಿಗೂ ಆರು ತಿಂಗಳಿಂದ ಒಂದು ವರ್ಷ ಜೈಲಿದೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಹಾಸನದಲ್ಲಿ ಅದು ಯಾವತ್ತು ಸೇರಿತ್ತು, ಯಾರು ಬಂದಿದ್ದರು, ಯಾವ ಊರಿನ ಮಾತು ಎತ್ತಿದರು ಅಂತ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಎಫ್‌ಐಆರಿನ ನಕಲು ದೂರುದಾರನಿಗೆ ಪುಕ್ಕಟೆ ಕೊಡಬೇಕು. ಅದು ಕೈಗೆ ಬರೋವರೆಗೆ ಯಾವ ಕಾಗದಕ್ಕೂ ಕೇರಿಯಿಂದ ಒಂದು ಹೆಬ್ಬೆಟ್ಟೂ ಬೀಳದ ಹಾಗೆ ನೋಡಿಕೊಳ್ಳಿ.